ಹೊಳೆಗೆ ಕಟ್ಟೆ ಕಟ್ಟಿದ ಬೇಸಿಗೆ

ಮೊನ್ನೆ ಪಕ್ಕದ ಮನೆಯವರು ಸ್ಲ್ಯಾಬ್ ಹಾಕಿಸಿದರು. ಬೆಳಿಗ್ಗೆಯಿಂದ ಮಿಕ್ಸರ್ ತಿರುಗುತ್ತಿತ್ತು. ನಾನು ಒಳಗೆ ಹೂರಣಕ್ಕೆ ಬೆಲ್ಲ ಕರಗಿಸುತ್ತಿದ್ದೆ. ಕಿಟಕಿಯಿಂದ ಹಸಿ ಸಿಮೆಂಟಿನ ವಾಸನೆ ಬಂತು, ಒಲೆಯ ಮೇಲಿನ ಬೆಲ್ಲದ ವಾಸನೆಗೆ ಕೂಡಿತು. ನಾನು ಒಲೆ ಆರಿಸಿ ಕೂತುಬಿಟ್ಟೆ. ಗೌರಿ, ನೀನು ಪುಸ್ತಕದಿಂದ ತಲೆ ಎತ್ತಿ, "ಯಾಕವ್ವಾ, ಏನಾತು?" ಅಂದೆ. ಏನಿಲ್ಲ ಅಂದೆ ನಾನು.

ನನಗೆ ಬಾಯಿಂದ ಹೇಳಲು ಬರುವುದಿಲ್ಲ. ನಾಲ್ಕು ಜನರ ಮುಂದಿನ ಮಾತು ಹಾಗಿರಲಿ, ಮೊಮ್ಮಕ್ಕಳು ನಿಮ್ಮಿಬ್ಬರ ಮುಂದೆಯೂ ಮಾತು ಹೊರಡುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಗೌರಿ, ನಿನಗೆ ಇದರಲ್ಲಿ ಅರ್ಧ ಗೊತ್ತು. ಮಹೇಶ, ನಿನಗೆ ಏನೂ ಗೊತ್ತಿಲ್ಲ. ನೀನು ಆಗ ಸೊಂಟದಿಂದ ಇಳಿದು ಓಡಾಡಲು ಆಗಷ್ಟೇ ಕಲಿತ ಕೂಸು.

ದೇವದುರ್ಗದಿಂದ ಬಸ್ಸಿನಲ್ಲಿ ಬಂದು ಇಳಿದು, ಹೊಲದ ದಾರಿ ಹಿಡಿದರೆ ಕೃಷ್ಣಾ ಹೊಳೆ ಸಿಗುತ್ತದೆ. ಹೊಳೆಯ ನಡುವೆ ನಮ್ಮ ಗಡ್ಡೆ. ಎರಡೂ ಕಡೆ ನೀರು, ನಡುವೆ ಒಂದಿಷ್ಟು ಮನೆ, ಹೊಲ, ಬೇವಿನ ಗಿಡ. ಸೇತುವೆ ಇರಲಿಲ್ಲ. ಅಂಬಿಗರ ಯಂಕಪ್ಪನ ಹರಿಗೋಲೇ ನಮಗೆ ಬಸ್ಸು, ಅದೇ ಆಂಬುಲೆನ್ಸು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ನಮ್ಮ ದಡ ಬರೀ ಕರಿ ಕೆಸರಿನ ಇಳಿಜಾರು. ಹರಿಗೋಲು ನಿಲ್ಲಲು ಗಟ್ಟಿ ಜಾಗವೇ ಇಲ್ಲ. ಇಬ್ಬರು ಎದೆಮಟ್ಟದ ನೀರಿಗಿಳಿದು ಅದನ್ನು ಹಿಡಿದುಕೊಳ್ಳಬೇಕು, ಉಳಿದವರು ಜಾರುತ್ತ ಹತ್ತಬೇಕು.

ನಾನು ಹೇಳುವ ಬೇಸಿಗೆಗೆ ಮುಂಚಿನ ಮಳೆಗಾಲದಲ್ಲಿ ನಿಮ್ಮ ತಾಯಿ ಲಕ್ಷ್ಮಿಗೆ ಹೆರಿಗೆ ನೋವು ಬಂತು, ದಿನ ತುಂಬುವ ಮೊದಲೇ. ಮಂಚದ ಮೇಲೆ ಮಲಗಿಸಿಕೊಂಡು ದಡಕ್ಕೆ ಹೊತ್ತರು. ಹೊತ್ತವರ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತವು. ಹರಿಗೋಲು ಹತ್ತಿರ ಬರುವುದು, ಸೆಳವಿಗೆ ಮತ್ತೆ ದೂರ ಹೋಗುವುದು. ಯಂಕಪ್ಪ ಹುಟ್ಟು ಊರಿ ಊರಿ ಅತ್ತುಬಿಟ್ಟ. ಅವಳು ಮಳೆಯಲ್ಲಿ ಆ ಮಂಚದ ಮೇಲೆ ನನ್ನ ಕೈ ಹಿಡಿದು ಮಲಗಿದ್ದಳು. ದೇವದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಹುಟ್ಟಿದ ಕೂಸು ಅಳಲಿಲ್ಲ. ನಿಮ್ಮ ತಮ್ಮ. ಅವನಿಗೆ ಹೆಸರಿಡಲಿಲ್ಲ.

ನಿಮ್ಮಪ್ಪ ಆಗ ಮಾನ್ವಿಯಲ್ಲಿ ರೈಸ್‌ಮಿಲ್ಲಿನ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಬರುತ್ತಿದ್ದ. ದೀಪಾವಳಿಗೆ ಬಂದವನು ಊಟಕ್ಕೆ ಕೂತಾಗಲೇ ಹೇಳಿದ:

"ಯಪ್ಪಾ, ಇನ್ನ ಈ ಗಡ್ಡಿ ಸಾಕು. ಹೆಂಡ್ತಿ ಮಕ್ಕಳನ್ನ ರಾಯಚೂರಿಗೆ ಕರ್ಕೊಂಡು ಹೋಗ್ತೀನಿ. ನೀವೂ ಬರ್ರಿ."

ನಿಮ್ಮ ತಾತ ಬಹಳ ಹೊತ್ತು ರೊಟ್ಟಿ ಮುರಿಯುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ. ಆಮೇಲೆ ಅಂದರು, "ಒಂದು ಬ್ಯಾಸಿಗಿ ಕೊಡು ನನಗ. ಹರಿಗೋಲು ನಿಲ್ಲಾಕ ದಡಕ್ಕ ಕಟ್ಟಿ ಕಟ್ತೀನಿ. ಮಳಿಗಾಲದಾಗ ಅದು ನಿಂತ್ರ ನಾವೂ ಇಲ್ಲೇ ನಿಲ್ಲೋಣು. ಹೋತಂದ್ರ, ನೀ ಎಲ್ಲಿ ಕರೀತಿ ಅಲ್ಲಿಗೆ ಬರ್ತೀನಿ. ಒಂದು ಮಾತು ಆಡಂಗಿಲ್ಲ."

ನಿಮ್ಮಪ್ಪ ಲಕ್ಷ್ಮಿಯ ಕಡೆ ನೋಡಿದ. ಅವಳು ತಲೆ ಆಡಿಸಿದಳು. ಆ ಮಾತು ಹಾಗೆ ನಿಂತಿತು.

ನಿಮ್ಮ ತಾತ ಗಾರೆ ಕೆಲಸದವರು. ಎಲ್ಲರೂ ಶರಣಪ್ಪ ಮೇಸ್ತ್ರಿ ಅನ್ನುತ್ತಿದ್ದರು. ಅವರ ತಂದೆ ಗಚ್ಚಿನ ಕೆಲಸದವರು. ಗಚ್ಚು ಅಂದರೆ ಸಿಮೆಂಟಿಗೆ ಮುಂಚಿನ ಸುಣ್ಣದ ಗಾರೆ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು ಅರೆದು, ಅದಕ್ಕೆ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಹಾಕುತ್ತಿದ್ದರಂತೆ. ಹಿರೇಕೊಟ್ನೆಕಲ್ ಕಡೆ ಅವರು ಕಟ್ಟಿದ ಬಾವಿಯೊಂದಿದೆ. ಅದರ ಕಥೆ ನಿಮ್ಮ ತಾತ ಹೇಳದ ಮನೆ ಗಡ್ಡೆಯಲ್ಲಿ ಇರಲಿಲ್ಲ. "ಗುದ್ದಲಿ ಹಾಕಿದ್ರ ಗುದ್ದಲಿ ಮುರೀತದ. ಯಾಕ? ಬೆಲ್ಲ ಕುಡದಾದ ಆ ಬಾವಿ!" ಅನ್ನುವರು. ಕೇಳುವ ಹೆಂಗಸರು ಸೆರಗು ಬಾಯಿಗಿಟ್ಟು ನಗುವರು. ಮತ್ತೆ ಹೇಳಿರಿ ಅನ್ನುವರು. ಆ ಕಥೆ ಹೇಳುವಾಗ ಮಾತ್ರ ಅವರಿಗೆ ಕೆಮ್ಮು ಬರುತ್ತಿರಲಿಲ್ಲ. ಉಳಿದ ಹೊತ್ತು ಎದೆಯಲ್ಲಿ ಸಿಮೆಂಟಿನ ಧೂಳು ಗೊರಗೊರ ಅನ್ನುತ್ತಿತ್ತು.

ರಾಯಚೂರಿನ ಒಂದು ಕಾಲೇಜಿನ ಹಾಸ್ಟೆಲ್ ಕಟ್ಟುವಾಗ ಅವರಿಗೆ ರಫೀಕ್ ಸರ್ ಪರಿಚಯ. ಸಿವಿಲ್ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುವವರು. ತಾತ ಫೋನು ಮಾಡಿ ಕೇಳಿದರು, ಅವರು ಬಂದು ದಡ ನೋಡಿದರು. ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ, ಅವರಿಗೂ ಕಲಿತಂತಾಗುತ್ತದೆ ಅಂದರು. ನಿಮ್ಮಪ್ಪನ ಮಿಲ್ಲಿನ ಮಾಲೀಕರು ಸಿಮೆಂಟು ಕೊಡಿಸಿದರು. ಮರಳು ಹೊಳೆಯದೇ, ಕಲ್ಲು ಗಡ್ಡೆಯದೇ, ಕೈ ನಮ್ಮೆಲ್ಲರದು. ಸಿಮೆಂಟಿನ ಚೀಲಗಳನ್ನು ಯಂಕಪ್ಪ ಹರಿಗೋಲಿನಲ್ಲಿ ತಾಡಪತ್ರಿ ಹೊದಿಸಿ, ಮದುಮಗಳನ್ನು ತಂದ ಹಾಗೆ ತಂದ.

ಮೊದಲ ದಿನ ಸರ್ ಮರಳಿನ ಮೇಲೆ ಹುಡುಗರನ್ನು ಕೂರಿಸಿ ಪಾಠ ಶುರು ಮಾಡಿದರು. ನಾವು ಹೆಂಗಸರು ಸ್ವಲ್ಪ ದೂರದಲ್ಲಿ ಜಲ್ಲಿ ಒಡೆಯುತ್ತಾ ಕೇಳುತ್ತಿದ್ದೆವು.

"ಬಂದರು ಅಂದ್ರ ಹಡಗ ನಿಲ್ಲೋ ಜಾಗ ಅಂತ ಬರದ್ರ ನಾ ಮಾರ್ಕ್ಸ್ ಕೊಡಂಗಿಲ್ಲ," ಅಂದರು. "ಬಂದರು ಅಂದ್ರ ನೀರು ಸುಮ್ಮನಿರೋ ಜಾಗ. ಮೊದಲ ಅದನ್ನ ಹುಡುಕ್ರಿ. ಆಮ್ಯಾಲ ಕಟ್ರಿ."

ನಮ್ಮಲ್ಲಿ ಹಿರಿಯಳು ನಾಗಮ್ಮ. ಅವಳ ಬಾಯಿಗೆ ಬೀಗ ಇಲ್ಲ. "ನೀರು ಸುಮ್ನಿರೋ ಜಾಗ ನಮ್ಮನಿ ಮಣ್ಣಿನ ಹರವ್ಯಾಗ ಅದರೀ ಸಾಹೇಬ್ರ. ಅಲ್ಲೇ ಕಟ್ಟಿಬಿಡ್ರಿ, ದೂರ ಯಾಕ?" ಅಂದಳು.

ಹುಡುಗರು ಬಿದ್ದು ಬಿದ್ದು ನಕ್ಕರು. ಸರ್ ಕೂಡ ನಕ್ಕು, "ಅರೆ, ಈ ಯವ್ವ ಪರೀಕ್ಷೆ ಪಾಸು!" ಅಂದರು. "ಹರವಿ ನೀರು ಯಾಕ ಸುಮ್ಮನಿರತದ? ಸುತ್ತ ಗ್ವಾಡಿ ಅದ. ಸಮುದ್ರದಾಗ ಅದಕ್ಕೇ ಗ್ವಾಡಿ ಕಟ್ತಾರ, ತೆರಿ ತಡಿಯಾಕ. ಇಲ್ಲಿ ನಮಗ ದೇವರು ಕಟ್ಟಿದ್ದು ಐತೇನು ನೋಡೋಣು."

ಇತ್ತು. ದಡದ ಮೇಲ್ಭಾಗದಲ್ಲಿ ಒಂದು ದೊಡ್ಡ ಬಂಡೆ ಹೊಳೆಯೊಳಗೆ ಚಾಚಿಕೊಂಡಿತ್ತು. ಸೆಳವು ಅದಕ್ಕೆ ಬಡಿದು ಆಚೆ ಹೋಗುತ್ತದೆ, ಅದರ ಹಿಂದೆ ನೀರು ಮೆಲ್ಲಗೆ ಸುತ್ತುತ್ತದೆ. ಅಲ್ಲೇ ಕಟ್ಟೆ ಅಂತ ಗೊತ್ತಾಯಿತು. ಹೊಳೆ ಏರಿಳಿಯುವುದರಿಂದ ಮೆಟ್ಟಿಲು, ಯಾವ ಮಟ್ಟಕ್ಕೆ ನೀರಿದ್ದರೂ ಒಂದು ಮೆಟ್ಟಿಲಿಗೆ ಹರಿಗೋಲು ತಾಗಬೇಕು. ಹಗ್ಗ ಕಟ್ಟಲು ಕಬ್ಬಿಣದ ಬಳೆ. ತಿಕ್ಕಾಡದಂತೆ ಬದಿಗೆ ಹಳೆ ಟೈರು. ಎಲ್ಲಕ್ಕಿಂತ ಕೆಳಗೆ, ಇಡೀ ಮೆಟ್ಟಿಲಿನ ಭಾರ ಹೊರಲು, ಕಾಂಕ್ರೀಟಿನ ದೊಡ್ಡ ಬುಡ. ಬುಡದ ಮುಂದೆ ಬಂಡೆಗಳ ರಾಶಿ, ನೀರು ಅಡಿಯ ಮಣ್ಣು ಕೊರೆಯದಿರಲಿ ಅಂತ.

"ಬುಡ ಮೊದಲ, ಮೆಟ್ಟಲ ಆಮ್ಯಾಲ ಅಂತದ ಪುಸ್ತಕ," ಅಂದರು ಸರ್. "ಆದ್ರ ಹೊಳಿ ತಳ ಕಾಣೋದು ಬ್ಯಾಸಿಗಿ ಕೊನಿಗೆ. ಕಾಯ್ಕೋತ ಕುಂತ್ರ ಮೆಟ್ಟಲಕ್ಕ ಟೈಮ್ ಇರಂಗಿಲ್ಲ. ಏನ್ ಮಾಡೋಣ ಮೇಸ್ತ್ರಿ?"

"ಮೆಟ್ಟಲ ದಡದ ಗಟ್ಟಿ ಮಣ್ಣಿನ ಮ್ಯಾಲ ಕುಂದರ್ಸೋಣ್ರಿ. ಬುಡ ಕೊನಿಗೆ ಕೊಟ್ರ ಆತು."

ಹಾಗೇ ಮಾಡಿದರು. ಆ ಬೇಸಿಗೆಯಷ್ಟು ಬಿಸಿಲು ನಾನು ಕಂಡಿಲ್ಲ, ಆದರೂ ಮನೆಯಲ್ಲಿ ಯಾರೂ ಕೂರಲಿಲ್ಲ. ಒಂದು ಬುಟ್ಟಿ ಸಿಮೆಂಟಿಗೆ ಎರಡು ಬುಟ್ಟಿ ಮರಳು, ನಾಲ್ಕು ಬುಟ್ಟಿ ಜಲ್ಲಿ. ನೀರು ಮಾತ್ರ ಅಳೆದು. ನೀರು ಹೆಚ್ಚಾದರೆ ಕಲಸಲು ಸಲೀಸು, ಆದರೆ ಆ ನೀರು ಆರಿದ ಜಾಗದಲ್ಲೆಲ್ಲ ತೂತು ಉಳಿಯುತ್ತದೆ ಅಂತ ಸರ್ ಹೇಳುವರು. ಕಲಸಿ ಹಾಕಿದ ಮಾಲನ್ನು ಸರಳಿನಿಂದ ಚುಚ್ಚಿ ಚುಚ್ಚಿ ಗಾಳಿ ಹೊರಡಿಸುವರು. ಮಾರನೆಯ ದಿನದಿಂದ ಗೋಣಿತಟ್ಟು ಹೊದಿಸಿ ನೀರು ಹಾಕುವ ಕೆಲಸ ನಮ್ಮದು. "ಸಿಮೆಂಟು ಒಣಗಿ ಗಟ್ಟಿ ಆಗತದ ಅಂತ ತಿಳ್ಕೊಬ್ಯಾಡ್ರಿ. ಅದು ನೀರು ಕುಡದು ಗಟ್ಟಿ ಆಗತದ. ಕೂಸಿದ್ದಂಗ," ಅಂದರು ಒಮ್ಮೆ. ಲಕ್ಷ್ಮಿ ನನ್ನ ಪಕ್ಕದಲ್ಲೇ ಕೊಡ ಹಿಡಿದು ನಿಂತಿದ್ದಳು. ಆ ಮಾತು ಕೇಳಿದ ಮೇಲೆ ಬೇರೆಯವರಿಗೆ ಬಿಡಲಿಲ್ಲ, ಸಂಜೆ ಮುಂಜಾನೆ ಅವಳೇ ಹೋಗಿ ಮೆಟ್ಟಿಲುಗಳಿಗೆ ನೀರು ಹಾಕಿ ಬರುವಳು.

ಜಲ್ಲಿ ಬುಟ್ಟಿ ಹೊತ್ತು ಏದುಸಿರು ಬಿಡುವ ಹುಡುಗಿಯೊಬ್ಬಳಿಗೆ ನಾಗಮ್ಮ, "ಯಾಕಬೇ ಇಂಜಿನಿಯರವ್ವಾ, ನಿನ್ನ ಪುಸ್ತಕದಾಗ ಬುಟ್ಟಿ ಇಲ್ಲೇನು?" ಅಂದರೆ, ಆ ಹುಡುಗಿ, "ಅದರೀ ಯವ್ವಾ, ಚಿತ್ರದಾಗಿನ ಬುಟ್ಟಿ ಹಗುರ ಇತ್ತು," ಅಂದಳು. ಅವತ್ತಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ನಾನು ಇವನ್ನೆಲ್ಲ ಕೇಳಿ ನಗುತ್ತಿದ್ದೆ ಅಷ್ಟೆ. ಆದರೆ ಆ ದಿನಗಳಲ್ಲಿ ನನಗೂ ಅನಿಸಿಬಿಟ್ಟಿತ್ತು, ನಾವು ಇಲ್ಲೇ ಉಳಿಯುತ್ತೇವೆ ಅಂತ.

ಹೊಳೆ ಪೂರ್ತಿ ಇಳಿದ ಮೇಲೆ ಮರಳಿನ ಚೀಲ ಒಟ್ಟಿ, ಒಳಗಿನ ನೀರು ಎತ್ತಿ ಹಾಕಿ, ಹಲಗೆ ಬಡಿದು, ಬುಡಕ್ಕೆ ಕಾಂಕ್ರೀಟು ಹಾಕುವ ದಿನ ಬಂತು. ನಮ್ಮಲ್ಲಿ ಬಾವಿ ತೋಡಿದರೂ ಹೊಸ ಹರಿಗೋಲು ಇಳಿಸಿದರೂ ಗಂಗಿಗೆ ಉಡಿ ತುಂಬುವ ಪದ್ಧತಿ. ಹೆಂಗಸರೆಲ್ಲ ಅಕ್ಕಿ, ಕೊಬ್ಬರಿ, ಖಣ, ಬೆಲ್ಲ ತಂದಿದ್ದರು. ಮಧ್ಯಾಹ್ನ ಸರ್ ಮತ್ತು ಹುಡುಗರು ಬೇವಿನ ಗಿಡದ ಕೆಳಗೆ ಊಟಕ್ಕೆ ಕೂತರು. ನೀರಿಗೆ ಉಡಿ ತುಂಬಿ ಆದ ಮೇಲೆ ನಾಗಮ್ಮ ನಿಮ್ಮ ತಾತನ ಹತ್ತಿರ ಬಂದಳು.

"ಮೇಸ್ತ್ರೀ, ನಿಮ್ಮಪ್ಪನ ಬಾವಿ ಬೆಲ್ಲ ಕುಡದು ನಿಂತದ ಅಂತೀರಿ. ನಮ್ಮ ಕಟ್ಟಿಗೆ ಬ್ಯಾಡೇನು?"

ತಾತ ನಕ್ಕರು. ಆ ಮಾತು ಕೇಳಿ ಅವರ ಮುಖ ಎಷ್ಟು ಅರಳಿತು ಅಂದರೆ ನನಗೆ ಇವತ್ತಿಗೂ ಅದು ಕಣ್ಣ ಮುಂದಿದೆ. "ಹಾಕ್ರವ್ವಾ. ಬೆಲ್ಲ ಏನ್ ಕೆಡಸತದ?" ಅಂದರು. ಅಷ್ಟು ವರ್ಷ ಸಿಮೆಂಟಿನಲ್ಲಿ ದುಡಿದವರು, ಆದರೆ ಯಾವ ಕಂತ್ರಾಟುದಾರನ ಕೆಲಸದಲ್ಲೂ ಯಾರೂ ಸಿಮೆಂಟಿಗೆ ಬೆಲ್ಲ ಹಾಕಿರಲಿಲ್ಲ, ಹಾಕಬಾರದು ಅಂತ ಯಾರೂ ಹೇಳಿಯೂ ಇರಲಿಲ್ಲ.

ಮನೆಮನೆಯಿಂದ ಬೆಲ್ಲ ಬಂತು. ಇದ್ದವರು ಅಚ್ಚು ತಂದರು, ಇಲ್ಲದವರು ಡಬ್ಬಿಯ ತಳ ಕೆರೆದು ತಂದರು. ಕೊಡಗಳಲ್ಲಿ ಕದಡಿ, ಹಾಡು ಹೇಳುತ್ತಾ, ಕಲಸುವ ನೀರಿನ ಡ್ರಮ್ಮುಗಳಿಗೆ ಸುರಿದರು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಸರ್ ಊಟ ಮುಗಿಸಿ ಬರುವಷ್ಟರಲ್ಲಿ ಮಾಲು ಕಲೆತಿತ್ತು, ಬೂದು ಬಣ್ಣದಲ್ಲಿ ಬೆಲ್ಲ ಕಾಣುತ್ತಿರಲಿಲ್ಲ. ಅವರು ನೋಡಿ, "ವಾಹ್ ಮೇಸ್ತ್ರಿ, ನೀರು ಕಮ್ಮಿ, ಆದ್ರೂ ಬೆಣ್ಣಿ ಹಂಗ ಹರೀತದ. ಇವತ್ತಿನ ಮಾಲು ಭಾಳ ಚಲೋ ಅದ," ಅಂದರು. ನಾಗಮ್ಮ ನಮ್ಮ ಕಡೆ ತಿರುಗಿ ಕಣ್ಣು ಹೊಡೆದಳು.

ಮಾರನೆಯ ಬೆಳಿಗ್ಗೆ ತಾತ ಹೋಗಿ ಬುಡದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ಇಳಿಯಿತು. ಬಿಸಿಲು ಏರಿದ ಮೇಲೆ ಒತ್ತಿದರು. ಇಳಿಯಿತು. ಅದರ ಮರುದಿನವೂ ನಾದಿದ ಹಿಟ್ಟಿನ ಹಾಗೇ ಇತ್ತು. ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಸಿಮೆಂಟು ಹಳೆಯದಿರಬೇಕು ಅಂದೆ. "ಅದೇ ಚೀಲದ ಸಿಮೆಂಟು ಮೆಟ್ಟಲಕ್ಕೂ ಹಾಕೀವಲ್ಲ," ಅಂದರು.

ಫೋನು ಮಾಡಿದ್ದಕ್ಕೆ ರಫೀಕ್ ಸರ್ ರಾಯಚೂರಿನಿಂದ ಓಡಿ ಬಂದರು. ಬಾಗಿ, ಒಂದು ಚಿಟಿಕೆ ಮಾಲು ತೆಗೆದು ಉಜ್ಜಿದರು, ಮೂಸಿದರು. ಏನೋ ಹೊಳೆದವರ ಹಾಗೆ ನಾಲಿಗೆಯ ತುದಿಗೆ ಹಚ್ಚಿಕೊಂಡು ಉಗುಳಿದರು.

"ಸಿಹಿ ಅದ," ಅಂದರು. "ಮೇಸ್ತ್ರಿ, ಏನ್ ಹಾಕೀರಿ ಇದಕ್ಕ?"

ದಡದಲ್ಲಿ ಎಲ್ಲರೂ ಸೇರಿದ್ದೆವು. ತಾತ ಹೇಳುವ ಮೊದಲೇ ನಾಗಮ್ಮ, "ಬೆಲ್ಲ ಹಾಕೀವ್ರಿ. ಗಟ್ಟಿ ಆಗಲಂತ," ಅಂದಳು.

ಸರ್ ಅಲ್ಲೇ ಮರಳಿನ ಚೀಲದ ಮೇಲೆ ಕೂತರು. ಬೈಯಲಿಲ್ಲ. "ಸುಣ್ಣಕ್ಕ ಬೆಲ್ಲ ಬೇಕು. ನಿಮ್ಮಪ್ಪ ಮಾಡಿದ್ದು ಖರೇ ಮೇಸ್ತ್ರಿ. ಆದ್ರ ಸಿಮೆಂಟಿಗೆ ಅದು ವಿಷ. ನೀರು ಕುಡಿಯಾಕ ಬಾಯಿ ತೆರದ್ರ ಬೆಲ್ಲ ಹೋಗಿ ಅದರ ಬಾಯಿ ಮುಚ್ಚತದ. ಪ್ರತಿ ವರ್ಷ ಕ್ಲಾಸಿನ್ಯಾಗ ಹೇಳತೀನಿ. ಇಲ್ಲಿ ಹೇಳಬೇಕಂತ ನನಗ ತಿಳೀಲಿಲ್ಲ."

"ಅಂದ್ರ ಗಟ್ಟಿ ಆಗಂಗೇ ಇಲ್ಲೇನ್ರೀ?" ಅಂತ ಕೇಳಿದವಳು ಲಕ್ಷ್ಮಿ. ಗಂಡಸರ ನಡುವೆ ಅವಳು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

"ಆಗಬಹುದವ್ವ. ಟೈಮ್ ಬೇಕು. ಎಷ್ಟು ಅಂತ ನಾ ಹೇಳಾಕ ಆಗಂಗಿಲ್ಲ. ಬಗದು ತಗದು ಮತ್ತ ಹಾಕೋದು ಒಳ್ಳೇದು."

ಬಗೆದರೆ ಮತ್ತೆ ಹಾಕಲು ಸಿಮೆಂಟು ಇರಲಿಲ್ಲ. ತರಿಸಿ ಹಾಕುವಷ್ಟು ಬೇಸಿಗೆಯೂ ಉಳಿದಿರಲಿಲ್ಲ. ಹಲಗೆ ತೆಗೆಯದೆ, ಗೋಣಿತಟ್ಟು ಹೊದಿಸಿ ಕಾಯುವುದು ಅಂತಾಯಿತು.

ಕಾದೆವು. ಹೆಂಗಸರು ದಡಕ್ಕೆ ಬರುವುದನ್ನೇ ಬಿಟ್ಟರು, ಬಟ್ಟೆ ಒಗೆಯಲು ಬೇರೆ ಕಡೆ ಹೋಗುವರು. ನಾಗಮ್ಮ ನಮ್ಮ ಓಣಿಯಲ್ಲಿ ಬರುವಾಗ ತಲೆ ತಗ್ಗಿಸಿ ಬರುವಳು. ತಾತ ಬೆಳಗಾದರೆ ಹೋಗಿ ಹೆಬ್ಬೆರಳು ಒತ್ತಿ ಬರುವರು. ಬೆರಳು ಇನ್ನೂ ಇಳಿಯುತ್ತದೆ ಅನ್ನುವುದು ನಮಗೆ ಅವರು ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪಶ್ಚಿಮಕ್ಕೆ ಮೋಡ ಕಟ್ಟತೊಡಗಿದ್ದವು. ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲೆ ಎಲ್ಲೋ ಮಳೆಯಾದರೆ ನಮ್ಮ ಹೊಳೆ ಬರುತ್ತದೆ.

ಒಂದು ಬೆಳಿಗ್ಗೆ ಅವರು ಓಡುವ ಹಾಗೆ ಬಂದರು. "ಉಗುರು ಇಳೀಲಿಲ್ಲ!" ಅಂದರು. "ಮ್ಯಾಲಿನ ಪದರು ಗಟ್ಟಿ ಆಗ್ಯದ. ಒಳಗೂ ಆಗತದ. ಇನ್ನೊಂದೀಟು ದಿನ." ಕೆಮ್ಮು ಬಂದು ಮಾತು ನಿಂತಿತು. ಅವತ್ತು ಲಕ್ಷ್ಮಿ ಸಿಹಿ ಸಜ್ಜಕ ಮಾಡಲು ಹೋಗಿ, ಬೆಲ್ಲದ ಡಬ್ಬಿ ಮುಟ್ಟಿ, ಹಾಗೇ ಇಟ್ಟಳು. ಅನ್ನ ಸಾರು ಉಂಡೆವು.

ಮರುದಿನ ಆಚೆ ದಡದ ಊರಿನಲ್ಲಿ ಮೈಕಿನಲ್ಲಿ ಸಾರಿದರು. ಮೇಲಿನಿಂದ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯಬೇಡಿ ಅಂತ. ಗಾಳಿಗೆ ಆ ಮಾತು ತುಂಡು ತುಂಡಾಗಿ ನಮಗೆ ಕೇಳುತ್ತಿತ್ತು.

ನೀರು ಹಗಲಿನಲ್ಲೇ ಬಂತು. ಕೆಂಪಗೆ, ಸದ್ದಿಲ್ಲದೆ, ಮೊದಲು ಮರಳಿನ ಚೀಲ ಮುಚ್ಚಿತು, ಆಮೇಲೆ ಹಲಗೆ. ಮೆಟ್ಟಿಲು ನಿಂತವು. ಯಂಕಪ್ಪ ಹರಿಗೋಲು ತಂದು ಕಬ್ಬಿಣದ ಬಳೆಗೆ ಹಗ್ಗ ಬಿಗಿದ. ಹರಿಗೋಲು ಅಲುಗದೆ ನಿಂತಿತು. ಅಷ್ಟು ನೀರಿನಲ್ಲಿ, ಕೆಸರು ತುಳಿಯದೆ, ಲಕ್ಷ್ಮಿ ನಾಲ್ಕು ಮೆಟ್ಟಿಲು ಇಳಿದು ಹರಿಗೋಲಿನಲ್ಲಿ ಕಾಲಿಟ್ಟು, ಮತ್ತೆ ಹತ್ತಿ ಬಂದಳು. ಬಂದವಳು ಮೇಲೆ ನಿಂತು ಅಳತೊಡಗಿದಳು.

ಆ ಕಟ್ಟೆ ಬಳಕೆಗೆ ಬಂದದ್ದು ಅದೊಂದೇ ಸಲ. ನೀರು ಏರುತ್ತಲೇ ಹೋಯಿತು. ಮರುದಿನ ಮಧ್ಯಾಹ್ನ ಕೆಳಗಿನಿಂದ ಹೊಟ್ಟೆ ಗುಡುಗುಡು ಅಂದಂಥ ಸದ್ದು ಬಂತು. ಒಳಗಿನ್ನೂ ಮೆತ್ತಗಿದ್ದ ಬುಡ ಭಾರ ತಾಳದೆ ವಾಲಿತು. ಹಲಗೆ ಸಮೇತ ಇಡಿಯಾಗಿ ಜಾರಿ ಹೊಳೆಯ ಒಳಕ್ಕೆ ಹೋಯಿತು. ಅದರ ಹಿಂದೆ ಕೆಳಗಿನ ಮೆಟ್ಟಿಲುಗಳು ಬಿರಿದು ಒಂದೊಂದಾಗಿ ಕಳಚಿದವು. ಟೈರುಗಳು ತೇಲಿಕೊಂಡು ಹೋದವು. ಮೇಲಿನ ಎರಡು ಮೆಟ್ಟಿಲು ಮಾತ್ರ ದಡಕ್ಕೆ ಅಂಟಿಕೊಂಡು ಉಳಿದವು. ಅವುಗಳ ಕೆಳಗೆ ಏನೂ ಇರಲಿಲ್ಲ.

ನಾಗಮ್ಮ ನೆಲದ ಮೇಲೆ ಕೂತು ಎದೆ ಬಡಿದುಕೊಂಡಳು. "ಬೆಲ್ಲ ಸುರದ ನನ್ನ ಕೈ ಸೇದಿ ಹೋಗ್ಲಿ, ಮೇಸ್ತ್ರಿ."

"ಸುಮ್ನಿರು ನಾಗಮ್ಮ," ಅಂದರು ತಾತ. "ಗಂಗಿ ಬೆಲ್ಲ ತಿಂದು ಹೋದ್ಲು. ಸಿಹಿ ಕಂಡ್ರ ಯಾರ್ ಬಿಡ್ತಾರ?"

ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ನೀರು ಸ್ವಲ್ಪ ತಗ್ಗಿದಾಗ ನಿಮ್ಮಪ್ಪ ಮಾನ್ವಿಯಿಂದ ಬಂದ. ದಡದಲ್ಲಿ ಕೆಸರು ತುಳಿದುಕೊಂಡೇ ಹತ್ತಿದ. ಮುರಿದ ಮೆಟ್ಟಿಲನ್ನು ನೋಡಿ, ಮನೆಗೆ ಬಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ. ತಾತ ಎದ್ದು ಹೋಗಿ ಚೀಲದ ಬಾಯಿ ಅಗಲಿಸಿ ಹಿಡಿದರು. ಮಾತು ಕೊಟ್ಟಂತೆ ಒಂದು ಮಾತೂ ಆಡಲಿಲ್ಲ.

ರಾಯಚೂರಿನ ಈ ಬಾಡಿಗೆ ಮನೆಗೆ ಬಂದ ಮೇಲೆ ಅವರು ಗಾರೆಯ ಕರಣೆ ಹಿಡಿಯಲಿಲ್ಲ. ಓಣಿಯಲ್ಲಿ ಎಲ್ಲಾದರೂ ಸ್ಲ್ಯಾಬ್ ಹಾಕುತ್ತಿದ್ದರೆ ಸುತ್ತು ಹಾಕಿ ಬೇರೆ ದಾರಿಯಲ್ಲಿ ಬರುವರು. ಮಹೇಶ, ನೀನು ಒಮ್ಮೆ ಅವರ ತೊಡೆ ಹತ್ತಿ, "ತಾತಾ, ಬೆಲ್ಲದ ಬಾವಿ ಕಥಿ ಹೇಳು," ಅಂದೆ. "ಅದು ಮರ್ತೀನೋ," ಅಂದರು. ಆಮೇಲೆ ಎದೆಯ ಗೊರಗೊರ ಹೆಚ್ಚಾಯಿತು. ಮುಂದಿನ ಬೇಸಿಗೆಯನ್ನು ಅವರು ಕಾಣಲಿಲ್ಲ. ಗಡ್ಡೆಯಿಂದ ನಾಗಮ್ಮನ ಮನೆಯವರೂ ಆ ವರ್ಷವೇ ಎದ್ದರು, ಆಮೇಲೆ ಉಳಿದವರು. ಯಂಕಪ್ಪ ಆಚೆ ದಡದಲ್ಲಿ ಮೀನು ಹಿಡಿಯುತ್ತಾನಂತೆ.

ಗೌರಿ, ನೀನು ಸಿವಿಲ್ ಓದುತ್ತೇನೆ ಅಂದಾಗ ಎಲ್ಲರೂ ಸಂತೋಷಪಟ್ಟರು. ನಾನೂ ಬೇಡ ಅನ್ನಲಿಲ್ಲ. ಹೋದ ತಿಂಗಳು ನೀನು ಪುಸ್ತಕ ತೆರೆದು, ಕಲಸುವ ನೀರಿನಲ್ಲಿ ಸಕ್ಕರೆಯ ಅಂಶ ಇರಬಾರದು ಎಂದು ಬರೆದಿದ್ದನ್ನು ಓದಿ ತೋರಿಸಿದೆ. ಒಂದೇ ಸಾಲು. ನಾನು ಅದನ್ನು ಎರಡು ಸಲ ಓದಿಸಿದೆ. ಅದಕ್ಕೇ ಇರಬೇಕು, ನೀನು ಭಾನುವಾರ ನನ್ನನ್ನು ಗಡ್ಡೆಗೆ ಕರೆದುಕೊಂಡು ಹೋದದ್ದು.

ಹೊಳೆ ಬತ್ತಿತ್ತು, ಬಂಡೆಯಿಂದ ಬಂಡೆಗೆ ದಾಟಿ ಹೋದೆವು. ಮೇಲಿನ ಎರಡು ಮೆಟ್ಟಿಲು ಹಾಗೇ ಇದ್ದವು, ಕಬ್ಬಿಣದ ಬಳೆ ತುಕ್ಕು ಹಿಡಿದು ನೇತಾಡುತ್ತಿತ್ತು. ಕೆಳಗೆ ಹೊಳೆಯ ಒಣಗಿದ ಪಾತ್ರದಲ್ಲಿ, ಮರಳಿನಲ್ಲಿ ಅರ್ಧ ಹೂತು, ಒಂದು ದೊಡ್ಡ ಚೌಕ ತುಂಡು ಬಿದ್ದಿತ್ತು, ನಮ್ಮ ಕಟ್ಟೆಯ ಬುಡ. ಅದರ ಮೈಮೇಲೆ ಹಲಗೆಯ ಗೆರೆಗಳು ಇನ್ನೂ ಇದ್ದವು. ನೀನು ಒಂದು ಕಲ್ಲು ತೆಗೆದುಕೊಂಡು ಅದಕ್ಕೆ ಹೊಡೆದೆ. ಖಣ್ ಅಂತ ಸದ್ದು ಬಂತು. ಮತ್ತೆ ಹೊಡೆದೆ. ಕೈಯಲ್ಲಿದ್ದ ಕಲ್ಲು ಒಡೆಯಿತು.

"ಅವ್ವಾ, ಇದು ಗಟ್ಟಿ ಆಗ್ಯದ," ಅಂದೆ. "ನೀರಿನ್ಯಾಗ ಬಿದ್ದ ಮ್ಯಾಲ ಆಗ್ಯದ."

ನೀನು ಮೊಬೈಲು ತೆಗೆದು ಫೋಟೋ ಹಿಡಿಯಲು ಆ ಕಡೆಗೆ ಹೋದೆ. ಗಡ್ಡೆಯ ಮೇಲೆ ಒಂದು ಮನೆಯಲ್ಲೂ ಹೊಗೆ ಇರಲಿಲ್ಲ. ನಾನು ಆ ಬುಡದ ಮೇಲೆ ಬೆರಳು ಎಳೆದು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಾಲಿಗೆಗೆ ಹಚ್ಚಿಕೊಂಡೆ.

ಸಿಹಿ ಇರಲಿಲ್ಲ. ಬರೀ ಮರಳು.